ತಮ್ಮನ ಮಾತ್ರೆಯ ಹಿಂದಿನ ಹೆಸರು

ನಮ್ಮ ಮನೆಯ ಕ್ಯಾಲೆಂಡರ್‌ನಲ್ಲಿ ಎರಡು ವರ್ಷ ಪ್ರತಿ ಭಾನುವಾರಕ್ಕೂ ಕೆಂಪು ಶಾಯಿಯ ಸುತ್ತು ಇರುತ್ತಿತ್ತು. ಅದು ತಮ್ಮ ಮೆಥೊಟ್ರೆಕ್ಸೇಟ್ ಮಾತ್ರೆ ನುಂಗುವ ದಿನ. ಅವನಿಗೆ ರಕ್ತದ ಕ್ಯಾನ್ಸರ್ ಎಂದು ತಿಳಿದಾಗ ನಾನು ಪಿಯುಸಿಯಲ್ಲಿದ್ದೆ. ಶಿಡ್ಲಘಟ್ಟದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ರೇಷ್ಮೆ ಹುಳು ಸಾಕುತ್ತಾರೆ. ಗೂಡು ಮಾರಿದ ದುಡ್ಡೆಲ್ಲ ಬೆಂಗಳೂರಿನ ಆಸ್ಪತ್ರೆಗೆ ಹೋಗುತ್ತಿತ್ತು. ಆ ಮಾತ್ರೆ ಎಲ್ಲಿಂದ ಬಂತೆಂದು ಯೋಚಿಸುವ ವ್ಯವಧಾನ ಯಾರಿಗೂ ಇರಲಿಲ್ಲ.

ಆಮೇಲೆ ಬಿಎಸ್ಸಿಗೆ ಚಿಕ್ಕಬಳ್ಳಾಪುರಕ್ಕೆ ಬಂದೆ. ಬಯೋಕೆಮಿಸ್ಟ್ರಿ ಪ್ರಾಕ್ಟಿಕಲ್‌ನಲ್ಲಿ ರಂಜಕ ಅಳೆಯುವ ಪ್ರಯೋಗವಿತ್ತು. ಪರೀಕ್ಷಾನಳಿಕೆಯ ದ್ರಾವಣ ನೀಲಿಯಾಯಿತು. ಬಣ್ಣ ಗಾಢವಾದಷ್ಟೂ ರಂಜಕ ಹೆಚ್ಚು. ರೆಕಾರ್ಡ್ ಪುಸ್ತಕದಲ್ಲಿ ಬರೆದುಕೊಂಡ ಹೆಸರು ಫಿಸ್ಕೆ-ಸುಬ್ಬರಾವ್ ವಿಧಾನ. ಸುಬ್ಬರಾವ್ ಎಂದರೆ ನಮ್ಮ ಕಡೆಯವರ ಹೆಸರಲ್ಲವೇ ಎಂದು ಕುತೂಹಲ ಹುಟ್ಟಿತು. ಗ್ರಂಥಾಲಯದಲ್ಲಿ ಹುಡುಕಿ ಓದುತ್ತಾ ಹೋದರೆ ದಾರಿ ಸೀದಾ ತಮ್ಮನ ಮಾತ್ರೆಗೇ ಬಂದು ನಿಂತಿತು.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಆಂಧ್ರದ ಭೀಮಾವರದಲ್ಲಿ. ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. ಮದ್ರಾಸ್ ವೈದ್ಯಕೀಯ ಕಾಲೇಜಿನಲ್ಲಿ ಓದುವಾಗ ಖಾದಿ ತೊಟ್ಟಿದ್ದು ಬ್ರಿಟಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂಬಿಬಿಎಸ್ ಬದಲು ಕೆಳಗಿನ ದರ್ಜೆಯ ಎಲ್‌ಎಂಎಸ್ ಸಿಕ್ಕಿತು. ಅಷ್ಟರಲ್ಲಿ ಇಬ್ಬರು ಸಹೋದರರು ಸ್ಪ್ರೂ ಎಂಬ ಕರುಳಿನ ಕಾಯಿಲೆಯಿಂದ ಕೆಲವೇ ದಿನಗಳ ಅಂತರದಲ್ಲಿ ತೀರಿಕೊಂಡರು. 1922ರಲ್ಲಿ ಹೆಂಡತಿಯನ್ನು ಊರಿನಲ್ಲೇ ಬಿಟ್ಟು ಅಮೆರಿಕದ ಬಾಸ್ಟನ್‌ಗೆ ಹೋದ ಅವರು ಮತ್ತೆ ಭಾರತಕ್ಕೆ ಮರಳಲೇ ಇಲ್ಲ. ಹೊಟ್ಟೆಪಾಡಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೂಲಿ ಕೆಲಸವನ್ನೂ ಮಾಡಿದರು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಜೊತೆ 1925ರಲ್ಲಿ ಪ್ರಕಟಿಸಿದ ರಂಜಕದ ಪ್ರಬಂಧವನ್ನು ಮುಂದಿನ ಸಂಶೋಧಕರು ಸಾವಿರಾರು ಬಾರಿ ಉಲ್ಲೇಖಿಸಿದ್ದಾರೆ. ಸ್ನಾಯುಗಳಿಗೆ ಶಕ್ತಿ ಒದಗಿಸುವ ಫಾಸ್ಫೋಕ್ರಿಯಾಟಿನ್, ಎಟಿಪಿಗಳ ಮೇಲಿನ ಕೆಲಸವೂ ಆ ಕಾಲದ್ದೇ. ಇಷ್ಟಾದರೂ ಅಲ್ಲಿ ಕಾಯಂ ಹುದ್ದೆ ದಕ್ಕಲಿಲ್ಲ. 1940ರಲ್ಲಿ ಲೆಡರ್ಲಿ ಔಷಧ ಕಂಪನಿಯ ಪ್ರಯೋಗಾಲಯ ಸೇರಿದರು.

ಅವರ ತಂಡ ಅಲ್ಲಿ ಫೋಲಿಕ್ ಆಮ್ಲವನ್ನು ತಯಾರಿಸಿತು. ಸ್ಪ್ರೂ ರೋಗಕ್ಕೆ ಅದು ಮದ್ದಾಯಿತು. ಸಹೋದರರಿಗೆ ಸಿಗದ ಮದ್ದು ಇತರರಿಗೆ ಸಿಕ್ಕಿತು. ವೇಗವಾಗಿ ಬೆಳೆಯುವ ಜೀವಕೋಶಗಳಿಗೆ ಫೋಲಿಕ್ ಆಮ್ಲ ಬೇಕೇಬೇಕು. ಅದರಂತೆಯೇ ಕಾಣುವ ಒಂದು ನಕಲಿ ಅಣುವನ್ನು ಕೊಟ್ಟರೆ ಕ್ಯಾನ್ಸರ್ ಕೋಶ ಮೋಸಹೋಗಿ ಬೆಳವಣಿಗೆ ನಿಲ್ಲಿಸುತ್ತದೆ. ಹಾಗೆ ತಯಾರಾದದ್ದೇ ಅಮಿನಾಪ್ಟೆರಿನ್, ಅದರ ಬೆನ್ನಿಗೇ ಬಂದದ್ದು ಮೆಥೊಟ್ರೆಕ್ಸೇಟ್. ಬಾಸ್ಟನ್‌ನ ವೈದ್ಯ ಸಿಡ್ನಿ ಫಾರ್ಬರ್ ಅಮಿನಾಪ್ಟೆರಿನ್ ಅನ್ನು ರಕ್ತ ಕ್ಯಾನ್ಸರ್‌ನ 16 ಮಕ್ಕಳಿಗೆ ಕೊಟ್ಟರು. 10 ಮಕ್ಕಳು ತಾತ್ಕಾಲಿಕವಾಗಿಯಾದರೂ ಚೇತರಿಸಿಕೊಂಡರು. ಅದುವರೆಗೆ ಆ ಕಾಯಿಲೆಗೆ ಮದ್ದೇ ಇಲ್ಲವೆಂದು ವೈದ್ಯರು ಕೈಚೆಲ್ಲುತ್ತಿದ್ದರು.

ಫಾರ್ಬರ್ ಅವರ ಆ ಪ್ರಬಂಧ ಜೂನ್ 1948ರಲ್ಲಿ ಪ್ರಕಟವಾಯಿತು. ಲೇಖಕರ ಪಟ್ಟಿಯಲ್ಲಿ ಸುಬ್ಬರಾವ್ ಹೆಸರಿಲ್ಲ. ಎರಡು ತಿಂಗಳ ನಂತರ, ಆಗಸ್ಟ್‌ನಲ್ಲಿ, ಅವರು ನ್ಯೂಯಾರ್ಕ್‌ನಲ್ಲಿ ನಿದ್ದೆಯಲ್ಲೇ ತೀರಿಕೊಂಡರು. ಆಗ ಅವರಿಗೆ 53 ವರ್ಷ. ಭಾರತ ಅವರ ಅಂಚೆಚೀಟಿ ತಂದಿದ್ದು 1995ರಲ್ಲಿ, ಜನ್ಮಶತಮಾನೋತ್ಸವಕ್ಕೆ.

ನಾವು ಹುಡುಗರು ಅಂಕಪಟ್ಟಿಯಲ್ಲಿ, ಸರ್ಟಿಫಿಕೇಟಿನಲ್ಲಿ ಹೆಸರು ಬರಲೆಂದು ಎಷ್ಟೆಲ್ಲ ಒದ್ದಾಡುತ್ತೇವೆ! ನಾನೂ ಒಮ್ಮೆ ಕಾಲೇಜಿನ ಪ್ರಾಜೆಕ್ಟ್ ವರದಿಯಲ್ಲಿ ನನ್ನ ಹೆಸರು ಕೊನೆಗೆ ಬಂತೆಂದು ವಾರಗಟ್ಟಲೆ ಗೆಳತಿಯ ಜೊತೆ ಮಾತು ಬಿಟ್ಟಿದ್ದೆ. ಸುಬ್ಬರಾವ್ ಬಗ್ಗೆ ಓದಿದ ಮೇಲೆ ನಾಚಿಕೆಯಾಗಿ ನಾನೇ ಹೋಗಿ ಮಾತನಾಡಿಸಿದೆ.

ಚಿಂತಾಮಣಿ ಕಡೆಯಿಂದ ಬಂದ ನಮ್ಮಜ್ಜಿಗೆ ತೆಲುಗೇ ಹತ್ತಿರ. ಈ ಕಥೆಯನ್ನು ಅವರಿಗೆ ತೆಲುಗಿನಲ್ಲೇ ಹೇಳಿದೆ. ಅಂದಿನಿಂದ ದೇವರಿಗೆ ದೀಪ ಹಚ್ಚುವಾಗ ಆ ಸುಬ್ಬರಾವ್‌ಗೂ ಒಂದು ನಮಸ್ಕಾರ ಸೇರಿಸುತ್ತಾರೆ. ತಮ್ಮನ ಮಾತ್ರೆಗಳು ಮುಗಿದಿವೆ, ರಕ್ತಪರೀಕ್ಷೆಗಳು ಇನ್ನೂ ಉಳಿದಿವೆ. ಪ್ರತಿ ವರದಿಗೂ ಅಮ್ಮನ ಕೈ ನಡುಗುತ್ತದೆ. ಅವನು ಮಾತ್ರ ಸೈಕಲ್ ಏರಿ ಶಾಲೆಗೆ ಹೊರಟುಬಿಡುತ್ತಾನೆ.