ನೀರಿನ ಲೆಕ್ಕ ಇಟ್ಟ ಮಹನೀಯರು: ಸರ್ ಎಂ. ವಿಶ್ವೇಶ್ವರಯ್ಯ



ನಮ್ಮ ಸಂಘದ ರಜತ ಮಹೋತ್ಸವದ ಈ ಸ್ಮರಣ ಸಂಚಿಕೆಗೆ ಒಬ್ಬ ಮಹನೀಯರ ಜೀವನ ಚರಿತ್ರೆ ಬರೆದು ಕೊಡಬೇಕೆಂದು ಆಡಳಿತ ಮಂಡಳಿಯವರು ನನಗೆ ವಹಿಸಿದರು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ. ರೈತನಿಗೆ ಮೊದಲು ಬೇಕಾದ್ದು ನೀರು. ಆದ್ದರಿಂದ ನೀರಿನ ವಿಚಾರದಲ್ಲೇ ಆಯುಷ್ಯ ಸವೆಸಿದ ಸರ್ ಎಂ. ವಿಶ್ವೇಶ್ವರಯ್ಯನವರ ವಿಷಯ ಬರೆಯುವುದೆಂದು ತೀರ್ಮಾನಿಸಿದೆ. ಅವರ ಹೆಸರು ಗೊತ್ತಿಲ್ಲದ ಮಕ್ಕಳು ನಮ್ಮೂರಲ್ಲಿ ಇಲ್ಲ. ಆದರೆ ಕನ್ನಂಬಾಡಿ ಕಟ್ಟಿದವರು ಎನ್ನುವುದರಾಚೆಗೆ ನಾವು ತಿಳಿದುಕೊಂಡದ್ದು ಕಡಿಮೆ.

ವಿಶ್ವೇಶ್ವರಯ್ಯನವರು 1861ರ ಸೆಪ್ಟೆಂಬರ್ 15ರಂದು ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದರು. ತಂದೆ ಶ್ರೀನಿವಾಸ ಶಾಸ್ತ್ರಿಗಳು, ತಾಯಿ ವೆಂಕಟಲಕ್ಷ್ಮಮ್ಮನವರು. ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು. ಬೆಂಗಳೂರಿನಲ್ಲಿ ಮನೆಪಾಠ ಹೇಳಿಕೊಂಡು, ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪಾಸು ಮಾಡಿದರು. ಮೈಸೂರು ಸರ್ಕಾರದ ಸಹಾಯಧನ ಸಿಕ್ಕಿ ಪುಣೆಗೆ ಹೋಗಿ ಇಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು.

ಅಲ್ಲಿಂದ ಶುರುವಾದದ್ದು ನೀರಿನ ಕೆಲಸ. ಸಿಂಧ್ ಪ್ರಾಂತ್ಯದ ಸಕ್ಕರ್ ಪಟ್ಟಣಕ್ಕೆ ಕುಡಿಯುವ ನೀರು ಕೊಡಬೇಕಿತ್ತು. ಪಕ್ಕದಲ್ಲೇ ಸಿಂಧೂ ನದಿ ತುಂಬಿ ಹರಿಯುತ್ತಿದ್ದರೂ ನೀರೆಲ್ಲ ಬರೀ ರಾಡಿ. ಶೋಧಿಸುವ ಯಂತ್ರ ಹಾಕಿಸಲು ಊರಿನವರ ಹತ್ತಿರ ದುಡ್ಡಿರಲಿಲ್ಲ. ಇವರು ನದಿಯ ಪಾತ್ರದಲ್ಲೇ ಬಾವಿ ತೆಗೆಸಿದರು. ಮರಳಿನಲ್ಲಿ ಇಂಗಿ ಬಾವಿಗೆ ಬಂದ ನೀರು ತಿಳಿಯಾಗಿತ್ತು. ಹೊಳೆಯ ಮರಳು ಪುಕ್ಕಟೆಯಾಗಿ ಮಾಡುವ ಕೆಲಸವನ್ನು ನಂಬಿದರು, ಅಷ್ಟೇ. ಈಗ ಹೊಳೆಯ ಮರಳೆಲ್ಲ ಲಾರಿಗೆ ತುಂಬುವ ಕಾಲ. ಮರಳು ಹೋದರೆ ಹೊಳೆದಂಡೆಯ ಬಾವಿಗಳಲ್ಲಿ ನೀರು ಯಾಕೆ ಇಳಿಯುತ್ತದೆ ಅನ್ನೋದು ಇದರಿಂದ ಅರ್ಥವಾಗುತ್ತದೆ.

ಆಮೇಲೆ ಪುಣೆ ಸೀಮೆಯ ನೀರಾ ಕಾಲುವೆ. ಅಲ್ಲಿನ ಕಥೆ ಕೇಳಿದರೆ ನಮ್ಮೂರ ಕೆರೆ ಅಚ್ಚುಕಟ್ಟಿನ ಕಥೆಯೇ ಅನ್ನಿಸುತ್ತದೆ. ಕಾಲುವೆಯ ಮೇಲಿನವರು ಕಬ್ಬಿಗೆ ಬೇಕಾದ್ದಕ್ಕಿಂತ ಹೆಚ್ಚು ನೀರು ಕಟ್ಟಿಕೊಳ್ಳುವರು. ಅವರ ಹೊಲ ಜವುಗು ಹಿಡಿದು ಕೆಡುವುದು, ಸೊಳ್ಳೆಯಾಗಿ ಜ್ವರ ಬರುವುದು. ಕೊನೆಯಲ್ಲಿದ್ದವರ ಹೊಲ ಒಣಗುವುದು. ಒಂದೇ ನೀರು ಒಬ್ಬನಿಗೆ ಹೆಚ್ಚಾಗಿ ಕೆಟ್ಟಿತು, ಇನ್ನೊಬ್ಬನಿಗೆ ಕಡಿಮೆಯಾಗಿ ಕೆಟ್ಟಿತು. ಇದಕ್ಕೆ ವಿಶ್ವೇಶ್ವರಯ್ಯನವರು ಬ್ಲಾಕ್ ಪದ್ಧತಿ ಎಂಬ ಏರ್ಪಾಡು ಮಾಡಿದರು. ಜಮೀನನ್ನು ಬ್ಲಾಕುಗಳಾಗಿ ಮಾಡಿ, ಒಂದು ಪಾಲಿನಲ್ಲಿ ಕಬ್ಬು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಸರದಿ ಬದಲಾವಣೆ. ನೀರು ಹೆಚ್ಚು ಹಳ್ಳಿಗಳಿಗೆ ಹಂಚಿಕೆಯಾಯಿತು, ನೆಲವೂ ಉಳಿಯಿತು. ರೈತರು ಮೊದಲು ಒಪ್ಪಲಿಲ್ಲ, ಪತ್ರಿಕೆಗಳಲ್ಲೂ ವಿರೋಧ ಬಂತು. ಇವರು ರೈತರನ್ನು ಕೂರಿಸಿಕೊಂಡು ಮಾತಾಡಿ ಒಪ್ಪಿಸಿದರು.

ಪುಣೆ ಹತ್ತಿರದ ಖಡಕ್‌ವಾಸ್ಲಾ ಅಣೆಕಟ್ಟೆಗೆ 1903ರಲ್ಲಿ ತಾವೇ ಯೋಚಿಸಿದ ಸ್ವಯಂಚಾಲಿತ ಬಾಗಿಲು ಕೂರಿಸಿದರು. ನೀರು ಒಂದು ಮಟ್ಟ ಮೀರಿದರೆ ಬಾಗಿಲು ತಾನೇ ತೆರೆದು ಹೆಚ್ಚಿನ ನೀರು ಹೊರಗೆ ಹೋಗುವುದು, ಇಳಿದರೆ ಮುಚ್ಚಿಕೊಳ್ಳುವುದು. ಕಟ್ಟೆ ಎತ್ತರಿಸದೆ ಹೆಚ್ಚು ನೀರು ನಿಂತಿತು. ಈ ಬಾಗಿಲಿಗೆ ಪೇಟೆಂಟ್ ಇದ್ದರೂ ಸರ್ಕಾರದ ಸಂಬಳ ತಿನ್ನುವವನಾಗಿ ಮಾಡಿದ ಕೆಲಸವೆಂದು ಅದರ ಗೌರವಧನ ಮುಟ್ಟಲಿಲ್ಲ.

1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಕೊಚ್ಚಿಹೋದರು. ನಿಜಾಮರ ಸರ್ಕಾರ ಇವರನ್ನು ಕರೆಸಿತು. ಇವರು ಊರೊಳಗಿನ ಹೊಳೆಯನ್ನಷ್ಟೇ ನೋಡಲಿಲ್ಲ, ನೀರು ಎಲ್ಲಿಂದ ಬಂತೆಂದು ಮೇಲಕ್ಕೆ ಹುಡುಕಿದರು. ಮೇಲುಭಾಗದಲ್ಲಿ 700ಕ್ಕೂ ಹೆಚ್ಚು ಕೆರೆಗಳಿದ್ದು, ಆ ಮಳೆಗೆ 200ಕ್ಕೂ ಹೆಚ್ಚು ಕೆರೆಗಳ ಏರಿ ಒಡೆದಿದ್ದವು. ಮೇಲಿನ ಒಂದು ಕೆರೆ ಒಡೆದರೆ ಅದರ ನೀರು ಕೆಳಗಿನ ಕೆರೆಗೆ ನುಗ್ಗಿ ಅದನ್ನೂ ಒಡೆಯುತ್ತದೆ. ನೆರೆ ಬರುವುದು ಆಕಾಶದಿಂದ ಮಾತ್ರ ಅಲ್ಲ, ನಮ್ಮ ಏರಿ ಕೋಡಿಗಳಿಂದಲೂ ಬರುತ್ತದೆ. ಇವರ ಸಲಹೆಯಂತೆ ಊರಿನ ಮೇಲ್ಗಡೆ ಎರಡು ಜಲಾಶಯ ಕಟ್ಟಲಾಯಿತು. ಉಸ್ಮಾನ್ ಸಾಗರ 1920ರಲ್ಲೂ ಹಿಮಾಯತ್ ಸಾಗರ 1927ರಲ್ಲೂ ಮುಗಿದವು. ನೆರೆ ತಡೆಯಲು ಕಟ್ಟಿದ ಆ ಕೆರೆಗಳೇ ಮುಂದೆ ಹೈದರಾಬಾದಿಗೆ ಕುಡಿಯುವ ನೀರನ್ನೂ ಕೊಟ್ಟವು.

1909ರಲ್ಲಿ ಮೈಸೂರಿನ ಮುಖ್ಯ ಇಂಜಿನಿಯರ್ ಆದರು, 1912ರಿಂದ 1918ರವರೆಗೆ ದಿವಾನರಾಗಿದ್ದರು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲಿ ಕಾವೇರಿ ಇಳಿದರೆ ಯಂತ್ರಕ್ಕೆ ನೀರು ಸಾಲದು. ಮಂಡ್ಯ ಸೀಮೆಯ ಬೆದ್ಲು ಜಮೀನಿಗಂತೂ ಮಳೆಯೇ ಗತಿ. ಎರಡಕ್ಕೂ ಉಪಾಯವಾಗಿ 1911ರಲ್ಲಿ ಕನ್ನಂಬಾಡಿಯಲ್ಲಿ ಕಟ್ಟೆ ಕೆಲಸ ಹಿಡಿದರು. ಮದ್ರಾಸು ಸರ್ಕಾರ ತಕರಾರು ತೆಗೆದು ಪೂರ್ತಿ ಎತ್ತರಕ್ಕೆ ಒಪ್ಪಲಿಲ್ಲ. ಆದರೂ ಮುಂದೆ ಏರಿಸಬಹುದೆಂದು ಪಾಯವನ್ನು ಮಾತ್ರ ಪೂರ್ತಿ ಅಗಲಕ್ಕೇ ಹಾಕಿಸಿದರು. 1924ರಲ್ಲಿ ಒಪ್ಪಂದವಾಗಿ 1931ರ ಹೊತ್ತಿಗೆ ಕಟ್ಟೆ ಎದ್ದಿತು. ಸಿಮೆಂಟಿನ ಬದಲು ಸುಣ್ಣಕ್ಕೆ ಇಟ್ಟಿಗೆ ಪುಡಿ ಬೆರೆಸಿದ ಸುರ್ಕಿ ಗಾರೆ ಬಳಸಿದರು. 124.80 ಅಡಿ ತುಂಬಿದರೆ ಸುಮಾರು 49 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆ ನೀರಿನಿಂದ ಮಂಡ್ಯ ಸೀಮೆಯ ಲಕ್ಷಕ್ಕೂ ಮೀರಿದ ಎಕರೆ ಗದ್ದೆಯಾಯಿತು.

ಆದರೆ ಲಾಭದ ಪುಟ ಮಾತ್ರ ಓದಿದರೆ ಲೆಕ್ಕ ಪೂರ್ತಿಯಾಗುವುದಿಲ್ಲ. ಹಳೇ ಕನ್ನಂಬಾಡಿಯೂ ಸೇರಿ ಹಲವು ಹಳ್ಳಿಗಳು ನೀರಿನಡಿ ಹೋದವು. ಕಾಲುವೆ ಬಂದ ಮೇಲೆ ಮಂಡ್ಯ ಸೀಮೆಯಲ್ಲಿ ಮಲೇರಿಯಾ ಜ್ವರ ಹೆಚ್ಚಿತು. ನಮ್ಮ ಜಿಲ್ಲೆಯ ಭದ್ರಾವತಿ ಕಬ್ಬಿಣದ ಕಾರ್ಖಾನೆಯೂ ಇವರ ಪ್ರಯತ್ನದ ಫಲವೇ. ಸಾವಿರಾರು ಜನರಿಗೆ ಅನ್ನ ಕೊಟ್ಟಿತು. ಆದರೆ ಅದು ಶುರುವಾದದ್ದು ಮಲೆನಾಡಿನ ಮರ ಸುಟ್ಟ ಇದ್ದಿಲಿನಿಂದ. ಮುಂದೆ ಶರಾವತಿಗೆ 1964ರಲ್ಲಿ ಲಿಂಗನಮಕ್ಕಿ ಕಟ್ಟಿದಾಗ ಮನೆಮಠ ಬಿಟ್ಟು ಬಂದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಇದನ್ನು ಆ ಮಹನೀಯರಿಗೆ ಕಳಂಕ ಹಚ್ಚಲು ಹೇಳುತ್ತಿಲ್ಲ. ಹೊಳೆಗೆ ನಾವು ಏನು ಮಾಡಿದರೂ ಹೊಳೆ ನಮಗೆ ಒಂದು ಉತ್ತರ ಕೊಟ್ಟೇ ಕೊಡುತ್ತದೆ ಎಂದು ತಿಳಿಯಲಿ ಅಂತ ಅಷ್ಟೇ.

ದಿವಾನಗಿರಿ ಬಿಟ್ಟ ಮೇಲೂ ಅವರು ಸುಮ್ಮನೆ ಕೂರಲಿಲ್ಲ. 1923ರಿಂದ 1929ರವರೆಗೆ ಭದ್ರಾವತಿ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. 1955ರಲ್ಲಿ ಭಾರತರತ್ನ ಬಂತು. ನೂರು ವರ್ಷ ತುಂಬು ಬಾಳು ಬಾಳಿ 1962ರ ಏಪ್ರಿಲ್‌ನಲ್ಲಿ ಕಾಲವಾದರು. ಅವರು ಹುಟ್ಟಿದ ದಿನವನ್ನು ದೇಶವೆಲ್ಲ ಇಂಜಿನಿಯರುಗಳ ದಿನವೆಂದು ಆಚರಿಸುತ್ತದೆ.

ಈಗ ನಮ್ಮ ಜಡೆ ಸೀಮೆಗೆ ಬರೋಣ. ಬಂಕಸಾಣದಲ್ಲಿ ದಂಡಾವತಿ ಬಂದು ವರದೆಗೆ ಸೇರುತ್ತದೆ. ಮಳೆಗಾಲದಲ್ಲಿ ವರದೆ ಉಕ್ಕಿ ದಂಡೆಯ ಗದ್ದೆ ಮುಳುಗಿಸುತ್ತದೆ, ಬೇಸಿಗೆಯಲ್ಲಿ ಅದೇ ಹೊಳೆಯಲ್ಲಿ ದನಕ್ಕೆ ನೀರು ಹುಡುಕಬೇಕು. ಹಿರಿಯರು ಕಟ್ಟಿದ ಕೆರೆಗಳೂ ಉಳಿಸಿದ ಕಾನುಗಳೂ ಇದರ ನಡುವೆ ಸಮ ಮಾಡುತ್ತಿದ್ದವು. ಕಾನು ಮಳೆ ನೀರನ್ನು ಹಿಡಿದು ನಿಧಾನ ಬಿಡುತ್ತಿತ್ತು, ಕೆರೆ ಅದನ್ನು ತುಂಬಿಟ್ಟುಕೊಳ್ಳುತ್ತಿತ್ತು. ಈಗ ಕಾನು ಕಡಿಮೆಯಾಗಿ, ಕೆರೆಗೆ ಹೂಳು ತುಂಬಿ, ನೀರು ಬರುವ ಕಾಲುವೆ ಒತ್ತುವರಿಯಾಗಿ, ಗದ್ದೆಗಳೆಲ್ಲ ಅಡಿಕೆ ತೋಟವಾಗುತ್ತಿವೆ. ತೋಟಕ್ಕೆ ಬೋರು, ಒಂದು ಬತ್ತಿದರೆ ಅದರ ಪಕ್ಕ ಇನ್ನೊಂದು. ಬೋರಿಗೆ ಸಾಲ ಸಿಗಬಹುದು, ಆದರೆ ಭೂಮಿಯೊಳಗಿನ ನೀರನ್ನು ಯಾವ ಸಂಘವೂ ಸಾಲ ಕೊಡಲಾರದು.

ಸಹಕಾರ ಸಂಘ ನಡೆಯುವುದು ಹೆಂಗೆ? ಒಬ್ಬನು ಕಟ್ಟಿದ ಕಂತು ಇನ್ನೊಬ್ಬನಿಗೆ ಸಾಲವಾಗುತ್ತದೆ. ಮೇಲಿನವನು ಕಟ್ಟದಿದ್ದರೆ ಕೊನೆಯವನಿಗೆ ಸಿಗುವುದಿಲ್ಲ. ಕೆರೆ ನೀರೂ ಹಂಗೇ. ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ: ಪ್ರತಿ ವರ್ಷ ಮಳೆ ಹಿಡಿಯುವ ಮುಂಚೆ ಒಂದು ದಿನ ಮನೆಗೊಂದಾಳು ಬಂದು ಕೆರೆಯ ಕಾಲುವೆ, ತೂಬು, ಕೋಡಿ ಚೊಕ್ಕ ಮಾಡೋಣ. ಅಚ್ಚುಕಟ್ಟಿನ ನೀರಿನ ಸರದಿಯನ್ನು ಬೇಸಿಗೆ ಬೆಳೆ ಹಾಕುವ ಮೊದಲೇ ಕೂತು ಬರೆದಿಡೋಣ, ಕೊನೆ ಗದ್ದೆಯವರನ್ನು ಮೊದಲು ಕೇಳೋಣ. ಒತ್ತುವರಿಯಾದ ಕಾಲುವೆಯನ್ನು ಜಗಳವಿಲ್ಲದೆ ಬಿಡಿಸಿಕೊಳ್ಳೋಣ. ಇಷ್ಟು ಮಾಡಿದರೆ ಅವರ ಫೋಟೋಕ್ಕೆ ಹಾರ ಹಾಕುವುದಕ್ಕಿಂತ ದೊಡ್ಡ ಗೌರವ ಸಲ್ಲಿಸಿದಂತಾಗುತ್ತದೆ.

ಸಂಘವೂ ಬೆಳೆಯಲಿ, ಕೆರೆಯೂ ತುಂಬಲಿ ಎಂದು ಹಾರೈಸುತ್ತೇನೆ. ಜೈ ಸಹಕಾರ.