ಮನದ ಗಾಯಕ್ಕೆ ಮದ್ದರಸಿದ ಡಾ. ರಿವರ್ಸ್

ದೇಹಕ್ಕೆ ಬಿದ್ದ ಪೆಟ್ಟು ಕಣ್ಣಿಗೆ ಕಾಣುತ್ತದೆ. ಮನಕ್ಕೆ ತಗುಲಿದ ಪೆಟ್ಟು ಕಾಣದು. ಆ ಕಾಣದ ಗಾಯವನ್ನು ಮಾತಿನಿಂದ ಮಾಯಿಸಲು ಯತ್ನಿಸಿದ ಆದ್ಯರಲ್ಲಿ ಆಂಗ್ಲ ವೈದ್ಯ ಡಾ. ವಿಲಿಯಂ ರಿವರ್ಸ್ ಒಬ್ಬರು.

ರಿವರ್ಸ್ ಅವರು 1864ರಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತದಲ್ಲಿ ಜನಿಸಿದರು. ತಂದೆಯವರು ಉಗ್ಗುಮಾತನ್ನು ತಿದ್ದುವುದರಲ್ಲಿ ಹೆಸರಾದವರು; ಆದರೂ ಮಗನ ಉಗ್ಗು ಕಡೆಯವರೆಗೂ ಪೂರ್ತಿ ಹೋಗಲಿಲ್ಲ. ವೈದ್ಯಶಾಸ್ತ್ರವನ್ನು ಅಭ್ಯಸಿಸಿ, ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾದರು. 1901-02ರಲ್ಲಿ ನಮ್ಮ ನೆರೆಯ ನೀಲಗಿರಿಗೆ ಬಂದು ತೋಡ ಜನರ ನಡುವೆ ಕೆಲವು ತಿಂಗಳು ಕಳೆದು, 1906ರಲ್ಲಿ ಅವರನ್ನು ಕುರಿತು ಬೃಹದ್ಗ್ರಂಥವೊಂದನ್ನು ಪ್ರಕಟಿಸಿದರು. ಪರರ ಬಾಳನ್ನು ಅವರ ಬಾಯಿಂದಲೇ ಕೇಳಿ ತಿಳಿಯುವ ತಾಳ್ಮೆ ಅವರಲ್ಲಿತ್ತು. ಅದೇ ಮುಂದೆ ಅವರ ಚಿಕಿತ್ಸೆಯ ಜೀವಾಳವಾಯಿತು.

1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾಯಿತು. ಗಾಯವಿಲ್ಲದೆಯೂ ಸಾವಿರಾರು ಸೈನಿಕರು ನಡುಗುತ್ತ, ಮಾತು ಕಳೆದುಕೊಂಡು, ದುಃಸ್ವಪ್ನಗಳಿಂದ ಬೆಚ್ಚಿಬೀಳುತ್ತ ರಣರಂಗದಿಂದ ಮರಳಿದರು. ಇದು ಹೇಡಿತನವೆಂದರು ಹಲವರು. ಕಂಡದ್ದನ್ನೆಲ್ಲ ಮರೆತುಬಿಡಿರೆಂದು ಉಪದೇಶಿಸಿದರು ಹಿತೈಷಿಗಳು. 1916ರಲ್ಲಿ ಎಡಿನ್‌ಬರೋ ಸಮೀಪದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಬಂದ ರಿವರ್ಸ್ ಅವರು ಕಂಡದ್ದು ಬೇರೆ. ಹಗಲಲ್ಲಿ ಅದುಮಿಟ್ಟ ನೆನಪೇ ಇರುಳಲ್ಲಿ ಇಮ್ಮಡಿಯಾಗಿ ಎರಗುತ್ತಿತ್ತು.

ಒಬ್ಬ ಅಧಿಕಾರಿ ತನ್ನ ಗೆಳೆಯನನ್ನು ಹುಡುಕಿ ಹೋಗಿ, ಸಿಡಿಗುಂಡಿಗೆ ಛಿದ್ರವಾದ ಅವನ ದೇಹವನ್ನು ಕಂಡಿದ್ದ. ಪ್ರತಿರಾತ್ರಿ ಅದೇ ದೃಶ್ಯ ಅವನನ್ನು ಕಾಡುತ್ತಿತ್ತು. ದೇಹದ ಆ ಸ್ಥಿತಿಯೇ ಗೆಳೆಯನು ನೋವಿಲ್ಲದೆ ಕ್ಷಣಮಾತ್ರದಲ್ಲಿ ಮಡಿದನೆಂಬುದಕ್ಕೆ ಸಾಕ್ಷಿಯೆಂದು ರಿವರ್ಸ್ ಮನಗಾಣಿಸಿದರು. ನೆನಪನ್ನು ಅಟ್ಟದೆ ಈ ಅರಿವಿನೊಡನೆ ಎದುರಿಸಲು ಹೇಳಿದರು. ಕೆಲವು ರಾತ್ರಿಗಳ ಬಳಿಕ ಕನಸು ಮರಳಿತು. ಅದರಲ್ಲಿ ಅವನು ಗೆಳೆಯನ ಬಳಿ ಮಂಡಿಯೂರಿ, ಮನೆಯವರಿಗೆ ಕಳುಹಲು ಅವನ ವಸ್ತುಗಳನ್ನು ತೆಗೆದುಕೊಂಡ. ಎಚ್ಚರವಾದಾಗ ಇದ್ದದ್ದು ಭೀತಿಯಲ್ಲ, ದುಃಖ. ನಡೆದದ್ದು ಬದಲಾಗಲಿಲ್ಲ, ಅದರ ಅರ್ಥ ಬದಲಾಯಿತು.

ಎಲ್ಲರಿಗೂ ಇಂಥ ಸಾಂತ್ವನ ದೊರೆಯಲಿಲ್ಲ. ಇನ್ನೊಬ್ಬನ ಘೋರ ಅನುಭವದಲ್ಲಿ ಹಿಡಿಯಲು ಒಂದು ಎಳೆಯೂ ಸಿಗದೆ, ಅವನನ್ನು ಸೇನೆಯಿಂದ ಬಿಡಿಸಿ ಹಳ್ಳಿಯ ಬಾಳಿಗೆ ಕಳುಹುವುದೇ ಲೇಸೆಂದು ಅವರು ಬಗೆದರು. ಈ ಎರಡನ್ನೂ 1918ರ ಲೇಖನದಲ್ಲಿ ಮುಚ್ಚುಮರೆಯಿಲ್ಲದೆ ದಾಖಲಿಸಿದರು. ಗುಣವಾದವರನ್ನು ಮತ್ತೆ ಅದೇ ರಣರಂಗಕ್ಕೆ ಕಳುಹಬೇಕಾದ ಸಂಕಟವೂ ಅವರನ್ನು ಕಾಡಿತು. 1917ರಲ್ಲಿ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿ ಅಲ್ಲಿಗೆ ಬಂದ ಕವಿ ಸಿಗ್‌ಫ್ರೀಡ್ ಸಸೂನರ ಆರೈಕೆಯಲ್ಲಿ, ವೈದ್ಯರ ಸ್ವಂತ ವಿಚಾರಗಳೂ ಅಲುಗಾಡಿದವು.

ರಿವರ್ಸ್ 1922ರಲ್ಲಿ, 58ನೆಯ ವಯಸ್ಸಿನಲ್ಲಿ, ಅನಿರೀಕ್ಷಿತವಾಗಿ ನಿಧನರಾದರು. ಆಘಾತದ ನಂತರ ಬೇರೂರುವ ತಪ್ಪು ಎಣಿಕೆಗಳನ್ನು ಗುರುತಿಸಿ ಬಿಡಿಸುವ ಕ್ರಮ ಇಂದು ಮನೋಚಿಕಿತ್ಸೆಯ ಮುಖ್ಯ ಅಂಗವಾಗಿದೆ. ಬೆಂಗಳೂರಿನಲ್ಲಿ 1954ರಲ್ಲಿ ಆರಂಭವಾಗಿ ಇಂದು ನಿಮ್ಹಾನ್ಸ್ ಎನಿಸಿರುವ ಸಂಸ್ಥೆ ನಾಡಿನ ಮನೋರೋಗಿಗಳಿಗೆ ಆಸರೆಯಾಗಿದೆ.

2009ರ ಮಲಪ್ರಭೆಯ ನೆರೆಯನ್ನು ಕಂಡ ನಮ್ಮ ಸೀಮೆಗೆ ಈ ಬಾಳಿನಲ್ಲೊಂದು ಪಾಠವಿದೆ. ನೊಂದ ಮಗು ತರಗತಿಯಲ್ಲಿ ಮೌನವಾಗಿ ಕುಳಿತಾಗ, ಮರೆತುಬಿಡೆನ್ನುವುದು ಸುಲಭ. ಬಳಿ ಕುಳಿತು ಕೇಳುವುದು ಗುರುಧರ್ಮ. ಗಾಯ ಆಳವಾಗಿದ್ದರೆ ಬಲ್ಲ ವೈದ್ಯರಲ್ಲಿಗೆ ದಾರಿ ತೋರುವುದೂ ಅದೇ ಧರ್ಮ.