ಬೀಸುವ ಕಲ್ಲಿನ ಮುಂದೆ ಜನಾಬಾಯಿ

13ನೇ ಶತಮಾನದಲ್ಲಿ ಗೋದಾವರಿ ದಡದ ಗಂಗಾಖೇಡದಲ್ಲಿ ಹುಟ್ಟಿದ ಜನಾಬಾಯಿ, ಚಿಕ್ಕಂದಿನಲ್ಲೇ ಪಂಢರಪುರಕ್ಕೆ ಬಂದು ಸಂತ ನಾಮದೇವರ ಮನೆಯ ಕೆಲಸದಾಕೆಯಾದಳು. ನೀರು ಹೊರುವುದು, ಸಗಣಿ ಬಳಿಯುವುದು, ಕುಟ್ಟುವುದು, ಬೀಸುವುದು. ಶೂದ್ರ ಕುಲದ ಹೆಣ್ಣಿಗೆ ಶಾಸ್ತ್ರ ಕಲಿಸುವವರಾರು? ಪಂಡಿತರು ತರ್ಕದಲ್ಲಿ ಹುಡುಕುತ್ತಿದ್ದ ವಿಠ್ಠಲ ತನ್ನ ಜೊತೆ ಕೂತು ಬೀಸಿದ, ತನ್ನ ತಲೆ ಬಾಚಿದ ಎಂದು ಅವಳು ಅಭಂಗಗಳಲ್ಲಿ ಹಾಡಿಕೊಂಡಳು. ಅವನನ್ನು ವಿಠಾಬಾಯಿ ಎಂದು ತಾಯಿಯಾಗಿ ಕರೆದಳು, ಸಿಟ್ಟು ಬಂದಾಗ ಬೈದಳು ಕೂಡ! (ದೇವರ ಮುಂದೆ ನಮಗೆ ಅಷ್ಟು ಸಲುಗೆ ಎಲ್ಲಿ?) 300ಕ್ಕೂ ಹೆಚ್ಚು ಅಭಂಗಗಳು ಇಂದು ಅವಳ ಹೆಸರಿನಲ್ಲಿವೆ. ತನ್ನನ್ನು ಮಾತ್ರ ನಾಮದೇವನ ದಾಸಿ ಎಂದೇ ಕರೆದುಕೊಂಡಳು. ಪಂಢರಪುರಕ್ಕೆ ಹೋದಾಗ ಪಕ್ಕದ ಗೋಪಾಳಪುರಕ್ಕೂ ಹೋಗಿ ಬನ್ನಿ. ಅಲ್ಲಿ ಜನಾಬಾಯಿಯದೆಂದು ಒಂದು ಬೀಸುವ ಕಲ್ಲನ್ನು ತೋರಿಸುತ್ತಾರೆ.